ಬೆಂಗಳೂರಿಗೆ ಹೋಗದೇ ವಾಸಿಯಾಗುವವರ ಲೆಕ್ಕ

"ಡಾಕ್ಟ್ರೇ, ನಿಮ್ಹಾನ್ಸ್‌ಗೆ ಒಂದು ಚೀಟಿ ಬರ್ಕೊಟ್ಬಿಡಿ." ಜಿಲ್ಲಾ ಆಸ್ಪತ್ರೆಯಲ್ಲಿ ಕೂರುವ ನಮ್ಮಂಥ ಮನೋವೈದ್ಯರಿಗೆ ಈ ಮಾತು ದಿನಾ ಕೇಳಿಸುತ್ತದೆ. ಫಿಟ್ಸ್ ಇರಲಿ, ನಿದ್ದೆ ಬಾರದಿರಲಿ, ಮಗ ಮನೆ ಬಿಟ್ಟು ಅಲೆಯುತ್ತಿರಲಿ, ಒಂದು ಸಲ ಬೆಂಗಳೂರಿನ ಹೊಸೂರು ರಸ್ತೆಯ ಆ ಮಾನಸಿಕ, ನರರೋಗ ಆಸ್ಪತ್ರೆಗೆ ತೋರಿಸಿದರೆ ಸಮಾಧಾನ ಅಂತ ಮನೆಯವರಿಗೆ ಅನಿಸುತ್ತದೆ. ಆ ನಂಬಿಕೆಯನ್ನು ಸಂಸ್ಥೆ ದುಡಿದು ಗಳಿಸಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೀದರ್‌ನಿಂದಲೋ ಕಾರವಾರದಿಂದಲೋ ರಾತ್ರಿ ಬಸ್ಸು ಹತ್ತಿ ಬರುವವರಿಗೆ ಬಸ್ ಚಾರ್ಜು, ಎರಡು ದಿನದ ಕೂಲಿ, ಜೊತೆಗೆ ಬಂದವರ ಕೂಲಿ, ಊಟ, ಎಲ್ಲ ಸೇರಿ ಎಷ್ಟಾಗುತ್ತದೆ ಅಂತ ನಾವು ಲೆಕ್ಕ ಹಾಕುವುದೇ ಇಲ್ಲ. ಮೊದಲ ಸಲ ಹೇಗೋ ಹೋಗಿ ಬರುತ್ತಾರೆ. ಎರಡನೇ ಸಲ ಕಷ್ಟ. ಮೂರನೇ ಸಲಕ್ಕೆ ಮಾತ್ರೆ ನಿಂತುಹೋಗುತ್ತದೆ.

ಹಾಗಾಗಿ ನಿಮ್ಹಾನ್ಸ್‌ನ ಅಧ್ಯಾಪಕರಿಗೆ ಪ್ರಶಸ್ತಿ ಬಂತು, ಹೊಸ ಬ್ಲಾಕ್ ಶುರುವಾಯಿತು, ಹೊಸ ಯೋಜನೆ ಬರುತ್ತಿದೆ ಅನ್ನೋ ಸುದ್ದಿ ಓದಿದಾಗಲೆಲ್ಲ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಇದರಿಂದ ಎಷ್ಟು ಜನ ತಮ್ಮ ಊರಲ್ಲೇ ಇದ್ದು ವಾಸಿಯಾಗುತ್ತಾರೆ?

ಈಚಿನ ವರ್ಷಗಳ ದೊಡ್ಡ ಸುದ್ದಿ 2024ರದ್ದು. ವಿಶ್ವ ಆರೋಗ್ಯ ಸಂಸ್ಥೆಯ ನೆಲ್ಸನ್ ಮಂಡೇಲಾ ಪ್ರಶಸ್ತಿ ನಿಮ್ಹಾನ್ಸ್‌ಗೆ ಬಂತು. ಆಗ ಡಾ. ಪ್ರತಿಮಾ ಮೂರ್ತಿ ನಿರ್ದೇಶಕಿಯಾಗಿದ್ದರು. ಈ ಪ್ರಶಸ್ತಿ ಯಾವುದೋ ಶಸ್ತ್ರಚಿಕಿತ್ಸೆಗೋ ಔಷಧದ ಸಂಶೋಧನೆಗೋ ಕೊಡುವಂಥದ್ದಲ್ಲ. ಜನರ ಆರೋಗ್ಯ ಹೆಚ್ಚಿಸುವ, ರೋಗ ಬಾರದ ಹಾಗೆ ನೋಡಿಕೊಳ್ಳುವ ಕೆಲಸಕ್ಕೆ ಕೊಡುವಂಥದ್ದು. ಅದೇ ವರ್ಷದ ಡಿಸೆಂಬರ್‌ಗೆ ಸಂಸ್ಥೆಗೆ 50 ತುಂಬಿತು. ಹಳೆಯ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಇವೆರಡೂ ಒಂದಾಗಿ 1974ರ ಡಿಸೆಂಬರ್ 27ರಂದು ನಿಮ್ಹಾನ್ಸ್ ಆಯಿತು. 2012ರಲ್ಲಿ ರಾಷ್ಟ್ರೀಯ ಮಹತ್ವದ ಸಂಸ್ಥೆ ಅನ್ನೋ ಸ್ಥಾನ ಸಿಕ್ಕಿತು.

ಆಸ್ಪತ್ರೆಯ ಕಾಂಪೌಂಡು ದಾಟಿ ಹೊರಗೆ ಹೋಗುವ ಈ ಅಭ್ಯಾಸ ಹೊಸದೇನಲ್ಲ. 70ರ ದಶಕದಲ್ಲೇ ಬನ್ನೇರುಘಟ್ಟ ಕಡೆಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆದರು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಡಾಕ್ಟರು, ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರು, ಇವರಿಗೆ ತರಬೇತಿ ಕೊಟ್ಟರೆ ಮಾನಸಿಕ ಕಾಯಿಲೆಯನ್ನು ಗುರುತಿಸಬಲ್ಲರೇ, ಮಾತ್ರೆ ಕೊಡಬಲ್ಲರೇ ಅಂತ ಅಲ್ಲಿ ನೋಡಿದರು. 80ರ ದಶಕದಲ್ಲಿ ಅದನ್ನೇ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದರು. ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್ ಅವರಂಥ ಅಧ್ಯಾಪಕರು ಅದರ ಹಿಂದೆ ಇದ್ದರು. ಕೆಲವೇ ಬಗೆಯ ಮಾತ್ರೆಗಳು, ಸರಳವಾದ ರಿಜಿಸ್ಟರು, ತರಬೇತಾದ ಪಿಎಚ್‌ಸಿ ಡಾಕ್ಟರು, ಜಿಲ್ಲೆಗೆ ಒಂದು ಮನೋವೈದ್ಯರ ತಂಡ. ಅಷ್ಟೇ. ಇದೇ 'ಬಳ್ಳಾರಿ ಮಾದರಿ' ಅಂತ ಹೆಸರಾಯಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿ ಇದೇ. ನಾನು ಕೂತಿರುವ ಕುರ್ಚಿ ಇರುವುದೂ ಆ ಕೆಲಸದಿಂದಲೇ ಅಂದರೆ ಹೆಚ್ಚಾಗಲಿಕ್ಕಿಲ್ಲ.

ಈಗಿನ ಟೆಲಿ-ಮಾನಸ್ ಅನ್ನೋ ಫೋನ್ ಸಹಾಯವಾಣಿ ಅದೇ ದಾರಿಯ ಮುಂದಿನ ಹೆಜ್ಜೆ. 2022ರ ಅಕ್ಟೋಬರ್ 10ರಂದು ಶುರುವಾಯಿತು. ನಂಬರು 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಾದ ಆಪ್ತಸಮಾಲೋಚಕರು ಮಾತಾಡುತ್ತಾರೆ. ಅವರ ಕೈಲಿ ಆಗದ್ದನ್ನು ತಜ್ಞರಿಗೋ ಹತ್ತಿರದ ಆಸ್ಪತ್ರೆಗೋ ದಾಟಿಸುತ್ತಾರೆ. ಇಡೀ ದೇಶಕ್ಕೆ ಇದರ ಮುಖ್ಯ ಕೇಂದ್ರ ನಿಮ್ಹಾನ್ಸ್. ತಂತ್ರಜ್ಞಾನದ ಕೆಲಸ ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಸಂಸ್ಥೆ ಐಐಐಟಿಯದು. ಎರಡು ವರ್ಷ ತುಂಬುವ ಮೊದಲೇ ಕರೆಗಳ ಸಂಖ್ಯೆ 10 ಲಕ್ಷ ದಾಟಿತ್ತು. ನಿದ್ದೆ ಬರ್ತಿಲ್ಲ, ಬೇಜಾರು, ಟೆನ್ಶನ್, ಗಾಬರಿ, ಜಾಸ್ತಿ ಬರುವ ಕರೆಗಳು ಇವೇ. ಇವರಲ್ಲಿ ಎಷ್ಟೋ ಮಂದಿ ಆಸ್ಪತ್ರೆ ಮೆಟ್ಟಿಲು ಹತ್ತದೇ ಸುಮ್ನೆ ನರಳುತ್ತಾ ಇರುತ್ತಿದ್ದವರು.

ನಮ್ಮ ರಾಜ್ಯದ ಮಟ್ಟಿಗೆ ನನಗೆ ತುಂಬ ಇಷ್ಟವಾದ ಕೆಲಸ ಇನ್ನೊಂದಿದೆ. ಅದಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ. ಅದು ಬಿಸಿನೀರಿನ ಫಿಟ್ಸ್.

ಹಳೆ ಮೈಸೂರು ಭಾಗದವರಿಗೆ ಇದು ಗೊತ್ತಿರುತ್ತದೆ. ಹಂಡೆಯಲ್ಲಿ ನೀರು ಕಾಯಿಸಿ, ಮಗುವನ್ನು ಬಚ್ಚಲಲ್ಲಿ ಕೂರಿಸಿ, ಚೊಂಬಿನಿಂದ ಒಂದರ ಹಿಂದೆ ಒಂದು ತಲೆ ಮೇಲೆ ಸುರಿಯುತ್ತಾರೆ. ನಾಲ್ಕಾರು ಚೊಂಬು ಬೀಳುವಷ್ಟರಲ್ಲಿ ಮಗು ಶೂನ್ಯ ನೋಡುತ್ತದೆ, ಏನೇನೋ ತೊದಲುತ್ತದೆ, ಕೆಲವು ಸಲ ಕೈಕಾಲು ಸೆಟೆದು ಬೀಳುತ್ತದೆ. ಮೈತೊಳೆದುಕೊಳ್ಳುವಾಗ ಏನೂ ಆಗಲ್ಲ, ತಲೆಗೆ ನೀರು ಹಾಕಿದಾಗ ಮಾತ್ರ. ಮನೆಯವರು ದೃಷ್ಟಿ ಅಂತಲೋ ಗಾಳಿ ಅಂತಲೋ ಅಂದುಕೊಳ್ಳುತ್ತಾರೆ. ಜಗತ್ತಿನ ಬೇರೆ ಕಡೆ ಇದು ಬಲು ಅಪರೂಪ. ನಮ್ಮಲ್ಲಿ ಹಾಗಲ್ಲ. ಯಳಂದೂರು ಭಾಗದಲ್ಲಿ ನಡೆದ ಸಮೀಕ್ಷೆಯಲ್ಲಿ ಲಕ್ಷ ಜನರಿಗೆ 255 ಮಂದಿಯಲ್ಲಿ ಕಂಡಿತ್ತು. ಡಾ. ಪಿ. ಸತೀಶ್ಚಂದ್ರ ಮತ್ತು ಅವರ ಜೊತೆಯವರು 1988ರಲ್ಲಿ ದಕ್ಷಿಣ ಭಾರತದ 279 ರೋಗಿಗಳ ವಿವರ ಪ್ರಕಟಿಸಿದಾಗ ಹೊರದೇಶದ ನರರೋಗ ತಜ್ಞರೂ ತಿರುಗಿ ನೋಡುವ ಹಾಗಾಯಿತು. ಮುಂದೆ ಸತೀಶ್ಚಂದ್ರ ಅವರೇ ನಿಮ್ಹಾನ್ಸ್‌ನ ನಿರ್ದೇಶಕರಾದರು. ಈ ಕಾಯಿಲೆ ಕೆಲವು ಮನೆತನಗಳಲ್ಲಿ ಹರಿದು ಬರುವುದನ್ನು ನೋಡಿ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಜೊತೆ ಸೇರಿ ವಂಶವಾಹಿಗಳ ಹುಡುಕಾಟವೂ ನಡೆಯಿತು.

ಇಷ್ಟೆಲ್ಲ ಸಂಶೋಧನೆಯಿಂದ ಹಳ್ಳಿಯ ತಾಯಿಗೆ ಸಿಕ್ಕಿದ್ದೇನು? ತುಂಬ ಸರಳವಾದ ಒಂದು ಉತ್ತರ. ನೀರಿನ ಬಿಸಿ ಕಮ್ಮಿ ಮಾಡಿ, ಉಗುರುಬೆಚ್ಚಗಿರಲಿ. ತಲೆಗೆ ಒಂದೇ ಸಮ ಸುರಿಯಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೂ ನಡೆಯುತ್ತದೆ. ಅಷ್ಟಕ್ಕೇ ಎಷ್ಟೋ ಮಕ್ಕಳಲ್ಲಿ ಫಿಟ್ಸ್ ನಿಲ್ಲುತ್ತದೆ. ನಿಲ್ಲದವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಅನ್ನೋ ಮಾತ್ರೆ ಕೊಡುವ ಕ್ರಮ ಇದೆ. ಡಾಕ್ಟರು ಹೇಳಿದರೆ ಮಾತ್ರ, ಅವರು ಹೇಳಿದಷ್ಟು ಮಾತ್ರ. ವರ್ಷವಿಡೀ ದಿನಾ ಮಾತ್ರೆ ನುಂಗುವ ಕಷ್ಟ ಎಷ್ಟೋ ಮಕ್ಕಳಿಗೆ ತಪ್ಪಿತು. ಕೆಲವರಿಗೆ ಮುಂದೆ ಸ್ನಾನವಿಲ್ಲದೆಯೂ ಫಿಟ್ಸ್ ಬರುವುದುಂಟು, ಅವರಿಗೆ ದಿನದ ಮಾತ್ರೆ ಬೇಕೇ ಬೇಕು. ಅದಕ್ಕೇ ಒಂದು ಸಲ ತೋರಿಸಿಕೊಳ್ಳಿ ಅನ್ನುವುದು. ತಾಲೂಕು ಆಸ್ಪತ್ರೆಯ ಡಾಕ್ಟರಿಗೆ ಇಷ್ಟು ಗೊತ್ತಿದ್ದರೆ ಈ ಮಗು ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ.

ಇನ್ನೊಂದು ಕೆಲಸ ತಾಯಿ-ಮಗುವಿನ ವಾರ್ಡಿನದು. ಹೆರಿಗೆಯಾದ ಮೊದಲ ಎರಡು ವಾರದಲ್ಲಿ ಸಾವಿರ ಬಾಣಂತಿಯರಲ್ಲಿ ಒಬ್ಬರಿಗೋ ಇಬ್ಬರಿಗೋ ತೀವ್ರವಾಗಿ ಬುದ್ಧಿ ಕೆಡುತ್ತದೆ. ನಮ್ಮಲ್ಲಿ ಬಾಣಂತಿ ಸನ್ನಿ ಅನ್ನುತ್ತಾರಲ್ಲ, ಅದೇ. ನಿದ್ದೆ ಇಲ್ಲ, ಸಂಬಂಧವಿಲ್ಲದ ಮಾತು, ಮಗು ನನ್ನದಲ್ಲ ಅನ್ನುವ ಅನುಮಾನ. ಇದು ತುರ್ತು ಪರಿಸ್ಥಿತಿ, ಒಂದು ದಿನವೂ ಕಾಯಬಾರದು. ಹಿಂದೆಲ್ಲ ತಾಯಿಯನ್ನು ಮನೋರೋಗ ವಾರ್ಡಿಗೆ, ಮಗುವನ್ನು ಅಜ್ಜಿ ಮನೆಗೆ ಕಳಿಸುವುದೇ ರೂಢಿ. ತಾಯಿ ಗುಣವಾಗಿ ಬರುವಷ್ಟರಲ್ಲಿ ಎದೆಹಾಲು ಬತ್ತಿರುತ್ತಿತ್ತು. ಮಗುವಿಗೆ ತಾಯಿ ಹೊಸಬಳು, ಗಂಡನ ಮನೆಯಲ್ಲಿ ಹೆಸರು ಕೆಟ್ಟಿರುತ್ತಿತ್ತು.

2009ರಲ್ಲಿ ಡಾ. ಪ್ರಭಾ ಚಂದ್ರ ಅವರ ತಂಡ ತಾಯಿ ಮತ್ತು ಮಗುವನ್ನು ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡು ತೆರೆಯಿತು. ದೇಶದಲ್ಲಿ ಇಂಥದ್ದು ಅದೇ ಮೊದಲು. ಜೊತೆಗೆ ಮನೆಯ ಹೆಂಗಸೊಬ್ಬರು ಇರುತ್ತಾರೆ. ತಾಯಿಯ ಸ್ಥಿತಿ ನೋಡಿಕೊಂಡು ಮೊದಲು ಬರೀ ಮಗುವಿನ ಪಕ್ಕ ಕೂರುವುದು, ಆಮೇಲೆ ಬೇರೆಯವರ ಕಣ್ಣೆದುರು ಎತ್ತಿಕೊಳ್ಳುವುದು, ಹಾಲು ಕೊಡುವುದು, ಬಟ್ಟೆ ಬದಲಿಸುವುದು, ಹೀಗೆ ಒಂದೊಂದೇ ಕೆಲಸ ಅವಳ ಕೈಗೆ ಮರಳುತ್ತದೆ. ಎದೆಹಾಲು ಕೊಡುವಾಗ ಯಾವ ಮಾತ್ರೆ ಆಗುತ್ತದೆ, ಯಾವುದು ಆಗಲ್ಲ ಅನ್ನುವುದನ್ನು ನೋಡಿ ಔಷಧ ಬರೆಯುತ್ತಾರೆ. ಇಂಥ ವಾರ್ಡು ಪ್ರತಿ ಜಿಲ್ಲೆಯಲ್ಲೂ ಕಟ್ಟುವುದು ಕಷ್ಟ, ಒಪ್ಪುತ್ತೇನೆ. ಆದರೆ ಹೆರಿಗೆ ವಾರ್ಡಿನ ಪಕ್ಕ ಒಂದು ಕೋಣೆ, ಒಬ್ಬ ತರಬೇತಾದ ನರ್ಸಮ್ಮ, ಇಷ್ಟಾದರೂ ಆಗಬೇಡವೇ? ಆಶಾ ಕಾರ್ಯಕರ್ತೆ ಬಾಣಂತಿ ಮನೆಗೆ ಹೋದಾಗ ಮಗುವಿನ ತೂಕದ ಜೊತೆಗೆ "ರಾತ್ರಿ ನಿದ್ದೆ ಬರ್ತಿದ್ಯಾ ಅಕ್ಕಾ?" ಅಂತ ಒಂದು ಮಾತು ಕೇಳಿದರೂ ಎಷ್ಟೋ ಜೀವ ಉಳಿಯುತ್ತವೆ.

ಬೇರೆ ಸಾಧನೆಗಳೂ ಇವೆ. ಸ್ಕಿಜೋಫ್ರೇನಿಯಾ ಅನ್ನೋ ತೀವ್ರ ಮಾನಸಿಕ ಕಾಯಿಲೆಯ ಸಂಶೋಧನೆಗಾಗಿ ಹೆಸರಾದ ಡಾ. ಜಿ. ವೆಂಕಟಸುಬ್ರಮಣಿಯನ್ ಅವರಿಗೆ 2018ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. ಮಾತ್ರೆಗೆ ಬಗ್ಗದ 'ಕಿವಿಯಲ್ಲಿ ಕೇಳುವ ದನಿ'ಗಳನ್ನು ತಲೆಯ ಮೇಲಿಂದ ಹಾಯಿಸುವ ತೀರಾ ಸಣ್ಣ ವಿದ್ಯುತ್ತಿನಿಂದ ತಗ್ಗಿಸುವ ಪ್ರಯತ್ನ ಅವರ ತಂಡದ ಕೆಲಸಗಳಲ್ಲಿ ಒಂದು. ಇದಕ್ಕೂ ಶಾಕ್ ಟ್ರೀಟ್‌ಮೆಂಟಿಗೂ ಸಂಬಂಧವಿಲ್ಲ, ರೋಗಿ ಎಚ್ಚರವಾಗೇ ಇರುತ್ತಾರೆ. ಇನ್ನು ಡಾ. ಸುವರ್ಣಾ ಅಲ್ಲಾಡಿ. ನಿಮ್ಹಾನ್ಸ್‌ಗೆ ಬರುವ ಮುಂಚೆ ಹೈದರಾಬಾದಿನಲ್ಲಿದ್ದಾಗ 648 ಮರೆವಿನ ಕಾಯಿಲೆಯ ರೋಗಿಗಳನ್ನು ಇವರ ತಂಡ ಅಭ್ಯಾಸ ಮಾಡಿತು. ಎರಡು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಗೇ ಹೋಗದವರಲ್ಲೂ ಹೀಗೇ. ಮನೆಯಲ್ಲಿ ತುಳುವೋ ಉರ್ದುವೋ, ಬೀದಿಯಲ್ಲಿ ಕನ್ನಡ ಅನ್ನುವ ನಮ್ಮ ಊರುಗಳಿಗೆ ಇದು ಒಳ್ಳೆಯ ಸುದ್ದಿ, ಅಲ್ವಾ?

ಅವರದೇ ಮುಂದಾಳತ್ವದಲ್ಲಿ 2022ರಲ್ಲಿ ಶುರುವಾದ ಕರ್ನಾಟಕ ಮೆದುಳು ಆರೋಗ್ಯ ಯೋಜನೆ ಬರುವ ವರ್ಷಗಳ ಕೆಲಸಗಳಲ್ಲಿ ನನಗೆ ಮುಖ್ಯ ಅನಿಸುತ್ತದೆ. ತಲೆನೋವು, ಫಿಟ್ಸ್, ಲಕ್ವ, ಮರೆವು, ಈ ನಾಲ್ಕಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲೇ ಕ್ಲಿನಿಕ್. ಮೊದಲು ಬೆಂಗಳೂರಿನ ಜಯನಗರ, ಕೋಲಾರ, ಚಿಕ್ಕಬಳ್ಳಾಪುರ, ಆಮೇಲೆ ಬೇರೆ ಜಿಲ್ಲೆಗಳು. ಲಕ್ವ ಹೊಡೆದವರಿಗೆ ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್ನು ನಾಲ್ಕೂವರೆ ಗಂಟೆಯ ಒಳಗೆ ಬೀಳಬೇಕು. ರಾಯಚೂರಿನಿಂದ ಬೆಂಗಳೂರಿಗೆ ಬರುವುದರೊಳಗೆ ಆ ಹೊತ್ತು ಮೀರಿ ಹೋಗಿರುತ್ತದೆ. ಜಿಲ್ಲೆಯಲ್ಲೇ ವ್ಯವಸ್ಥೆ ಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಕಟ್ಟಡಗಳ ಸುದ್ದಿಯೂ ಇದೆ. 2025ರ ಜನವರಿಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಬಂದು ಮನೋವೈದ್ಯಕೀಯದ ಹೊಸ ಬ್ಲಾಕ್, ಕೇಂದ್ರ ಲ್ಯಾಬು, ಹಾಸ್ಟೆಲ್ ಉದ್ಘಾಟಿಸಿದರು. ಬೆಂಗಳೂರಿನ ಉತ್ತರಕ್ಕೆ ಕ್ಯಾಲಸನಹಳ್ಳಿಯಲ್ಲಿ ಅಪಘಾತದ ಗಾಯಾಳುಗಳಿಗಾಗಿ ದೊಡ್ಡ ಪಾಲಿಟ್ರಾಮಾ ಆಸ್ಪತ್ರೆಯ ಯೋಜನೆ ಇದೆ. 2026ರ ಕೇಂದ್ರ ಬಜೆಟ್ಟಿನಲ್ಲಿ ಉತ್ತರ ಭಾರತಕ್ಕೆ 'ನಿಮ್ಹಾನ್ಸ್-2' ಘೋಷಣೆಯಾಯಿತು. ರಾಂಚಿ, ತೇಜ್‌ಪುರದ ಸಂಸ್ಥೆಗಳನ್ನೂ ಮೇಲ್ದರ್ಜೆಗೆ ಏರಿಸುತ್ತಾರಂತೆ. ಬಹಳ ಸಂತೋಷ. ಅಲ್ಲಿಯ ಜನಕ್ಕೆ ಬೆಂಗಳೂರು ತೀರಾ ದೂರ.

ಆದರೆ ಕಟ್ಟಡ ಕಟ್ಟುವಷ್ಟು ಬೇಗ ಮನೋವೈದ್ಯರು ತಯಾರಾಗುವುದಿಲ್ಲ. ದೇಶದಲ್ಲಿ ಲಕ್ಷ ಜನಕ್ಕೆ 0.75 ಮನೋವೈದ್ಯರಿದ್ದಾರೆ, ಇರಬೇಕಾದ್ದು ಕನಿಷ್ಠ 3. ಇರುವವರಲ್ಲೂ ಹೆಚ್ಚಿನವರು ಊರು ಬಿಟ್ಟು ನಗರ ಸೇರಿದ್ದಾರೆ. ಹೊಸ ಸಂಸ್ಥೆ ಶುರುವಾದ ಮೊದಲ ದಿನದಿಂದಲೇ ಅದರ ಅಧ್ಯಾಪಕರಿಗೆ ಜಿಲ್ಲೆಗಳ ಹೊಣೆ ಹಂಚಿ. ಒಬ್ಬೊಬ್ಬ ಅಧ್ಯಾಪಕರ ಹೆಸರಿನ ಮುಂದೆ ಒಂದು ಜಿಲ್ಲೆ ಇರಲಿ, ಅಲ್ಲಿಯ ಪಿಎಚ್‌ಸಿ ಡಾಕ್ಟರುಗಳ ಫೋನಿಗೆ ಅವರು ಸಿಗಲಿ. ಬಡ್ತಿ ಕೊಡುವಾಗ ಪ್ರಬಂಧಗಳ ಜೊತೆ ಆ ಜಿಲ್ಲೆಯಲ್ಲಿ ನಿಲ್ಲದೆ ನಡೆದ ಚಿಕಿತ್ಸೆಯನ್ನೂ ಎಣಿಸಲಿ. ಕರ್ನಾಟಕದಲ್ಲಿ ಇದು ಸಾಧ್ಯ ಅಂತ ನೋಡಿದ್ದೇವೆ. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ 2014ರಿಂದ ಇದೆ. ನಿಮ್ಹಾನ್ಸ್ ವಿಡಿಯೋ ಮೂಲಕ ಪಿಎಚ್‌ಸಿ ಡಾಕ್ಟರುಗಳಿಗೆ ಪಾಠವನ್ನೂ ಮಾಡುತ್ತಿದೆ. ಅರ್ಧಂಬರ್ಧ ಆಗುತ್ತಿರುವುದು ಮಾತ್ರೆ ಸರಬರಾಜು. ಡಾಕ್ಟರು ಬಂದಿದ್ದಾರೆ, ಚೀಟಿ ಬರೆದಿದ್ದಾರೆ, ಔಷಧ ಕೊಡುವ ಕಿಟಕಿಯಲ್ಲಿ "ಸ್ಟಾಕ್ ಇಲ್ಲ, ಹೊರಗಡೆ ತಗೊಳ್ಳಿ" ಅಂದರೆ ಅಲ್ಲಿಗೆ ಮುಗಿಯಿತು. ವರ್ಷವಿಡೀ ಖಾಲಿಯಾಗದ ಹಾಗೆ ಏಳೆಂಟು ಬಗೆಯ ಮಾತ್ರೆ ಇಡುವುದು ದೊಡ್ಡ ಖರ್ಚಲ್ಲ. ಬಳ್ಳಾರಿಯಲ್ಲಿ ಆಗ ಮಾಡಿ ತೋರಿಸಿದ್ದೂ ಅದನ್ನೇ.

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಅಂತ ಹೇಳಿತ್ತು. ಎರಡನೇ ಸಮೀಕ್ಷೆಯ ಕೆಲಸವನ್ನೂ ಈ ಸಂಸ್ಥೆಯೇ ಕೈಗೆತ್ತಿಕೊಂಡಿದೆ. ಅದರ ವರದಿ ಬಂದ ದಿನ ನಾನು ಮೊದಲು ತೆರೆಯುವುದು ಈ ಅಂಕಿ ಇರುವ ಪುಟವನ್ನು. ಅಲ್ಲಿಯವರೆಗೆ, ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಓಪಿಡಿ ನಡೀತಿದೆಯಾ, ಮಾತ್ರೆ ಸಿಗ್ತಿದೆಯಾ ಅಂತ ಒಮ್ಮೆ ಹೋಗಿ ಕೇಳಿ. ಇಲ್ಲ ಅಂದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಒಂದು ಅರ್ಜಿ ಬರೆಯಿರಿ.