ಜಲಪಾತಕ್ಕೆ ಬಿಳಿ ಬಣ್ಣ ಕೊನೆಗೆ

ತೈಲವರ್ಣ ಕಲಿಯಲು ಬಂದವರಿಗೆ ಜಲಪಾತ ಬರೆಯಿರಿ ಅಂದರೆ ಮೊದಲು ಕೈ ಹೋಗುವುದು ಬಿಳಿ ಟ್ಯೂಬಿಗೆ. ನನ್ನದೂ ಹಾಗೇ ಹೋಗಿತ್ತು. ನಾನು ಬರೆದ ಮೊದಲ ಜಲಪಾತ ಬಂಡೆ ಮೇಲೆ ಒಣಹಾಕಿದ ಪಂಚೆಯ ಹಾಗಿತ್ತು.

ಹತ್ತೊಂಬತ್ತನೇ ಶತಮಾನದಲ್ಲಿ ಪ್ರಕೃತಿಯ ಭವ್ಯತೆಯನ್ನು ಭಾವ ತುಂಬಿ ಬರೆದ ರೊಮ್ಯಾಂಟಿಕ್ ಶೈಲಿಯ ಕೆಲವು ಚಿತ್ರಕಾರರು ಜಲಪಾತಕ್ಕೆ ಬಿಳಿಯನ್ನು ಬಹಳ ಜಿಪುಣತನದಿಂದ ಬಳಸಿದರು. ಅಮೆರಿಕದ ಫ್ರೆಡರಿಕ್ ಚರ್ಚ್ 1857ರಲ್ಲಿ ಬರೆದ ‘ನಯಾಗರಾ’ ನೋಡಿ. ಏಳೂವರೆ ಅಡಿ ಅಗಲದ ಆ ಚಿತ್ರದಲ್ಲಿ ನೀರು ಧುಮುಕುವ ಅಂಚು ಹಸಿರು, ಗಾಜಿನಂಥ ಹಸಿರು. ಬಿಳಿ ಇರುವುದು ನೊರೆ ಒಡೆಯುವ ಕಡೆ ಮಾತ್ರ. ನಾವು ನಿಲ್ಲಲು ಮುಂದೆ ನೆಲವನ್ನೇ ಬಿಟ್ಟಿಲ್ಲ ಆತ! ನೋಡುವವರ ಕಾಲು ಜುಮ್ಮೆನ್ನುತ್ತದೆ.

ಹಾಗಾಗಿ ಕತ್ತಲೆಯಿಂದ ಶುರುಮಾಡಿ. ಕ್ಯಾನ್ವಾಸಿಗೆ ಟರ್ಪೆಂಟೈನ್ ಬೆರೆಸಿದ ಬರ್ನ್ಟ್ ಅಂಬರ್, ಅಂದರೆ ಗಾಢ ಕಂದು ಬಣ್ಣ, ತೆಳುವಾಗಿ ಬಳಿಯಿರಿ. ಒದ್ದೆ ಬಂಡೆಗೆ ಅದೇ ಅಂಬರ್ ಜೊತೆ ಅಲ್ಟ್ರಾಮರೀನ್ ಎಂಬ ಗಾಢ ನೀಲಿ ಸೇರಿಸಿ. ಕಪ್ಪು ಟ್ಯೂಬ್ ಬೇಕಾಗಿಲ್ಲ. ನೀರಿನ ಜಾಗಕ್ಕೂ ಈಗ ಬೂದು ಬಣ್ಣವೇ. ಆಮೇಲೆ ಒಣಗಲು ಬಿಡಿ. ಮಳೆಗಾಲದಲ್ಲಿ ಇದಕ್ಕೆ ಜಾಸ್ತಿ ದಿನ ಹಿಡಿಯುತ್ತದೆ. ಅವಸರ ಮಾಡಿದರೆ ಕೆಸರು.

ಒಣಗಿದ ಮೇಲೆ ನಿಜವಾದ ಮಜಾ. ಬಿರುಸು ಕೂದಲಿನ ಬ್ರಷ್‌ಗೆ ಒಂಚೂರು ಬಿಳಿ ತಗೊಂಡು, ಬಟ್ಟೆಯಲ್ಲಿ ಒರೆಸಿ, ಉಳಿದದ್ದನ್ನು ಕಪ್ಪು ಬಂಡೆ ಮೇಲೆ ಸುಮ್ನೆ ಸವರಿ. ತುಂತುರು ತಾನಾಗಿ ನೀಲಿಯಾಗಿ ಕಾಣುತ್ತದೆ, ನೀಲಿ ಹಾಕದೆಯೇ! ಸೌದೆ ಒಲೆಯ ಹೊಗೆ ಮಸಿ ಹಿಡಿದ ಗೋಡೆಯ ಮುಂದೆ ನೀಲಿಯಾಗಿ ಕಾಣುತ್ತದಲ್ಲ, ಅದೇ ಕಾರಣ. ತೆಳು ಬಿಳಿ ಪದರದ ಕಣಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ. ನೀರು ಬಂದು ಬೀಳುವ ತಳದಲ್ಲಿ ಗೆರೆ ಎಳೆಯಬೇಡಿ. ಬಂಡೆ ಎಲ್ಲಿ ಮುಗಿಯಿತು, ಮಂಜು ಎಲ್ಲಿ ಶುರುವಾಯಿತು ಅಂತ ಗೊತ್ತಾಗಬಾರದು.

ಆ ಕಾಲದವರ ಬಿಳಿ ಸೀಸದ್ದು, ಸ್ವಲ್ಪ ಬೆಚ್ಚಗಿನ, ಅಂದರೆ ತುಸು ಹಳದಿ ಛಾಯೆಯ ಬಿಳಿ. ಸೀಸ ವಿಷ, ಹುಡುಕಿಕೊಂಡು ಹೋಗಬೇಡಿ. ನಮ್ಮ ಟೈಟಾನಿಯಂ ವೈಟ್ ತಣ್ಣಗಿದೆ. ಸೂಜಿಮೊನೆಯಷ್ಟು ಯೆಲ್ಲೋ ಓಕರ್ (ಮಣ್ಣು ಹಳದಿ) ಬೆರೆಸಿದರೆ ಸಾಕು. ದಪ್ಪ ಬಿಳಿ ನಾಲ್ಕೈದು ಕಡೆ, ಬಿಸಿಲು ತಾಗುವಲ್ಲಿ ಮಾತ್ರ. ಮೇಲಿನ ಪದರಗಳಿಗೆ ಲಿನ್ಸೀಡ್ (ಅಗಸೆ) ಎಣ್ಣೆ ಜಾಸ್ತಿ, ಕೆಳಗಿನದಕ್ಕೆ ಕಡಿಮೆ. ಉಲ್ಟಾ ಮಾಡಿದರೆ ಮುಂದೆ ಬಿರುಕು ಬಿಡುತ್ತದೆ.

ನನ್ನ ಬಳಿ ಬರುವವರು ಹೆಚ್ಚಾಗಿ ಮೊಬೈಲಿನಲ್ಲಿ ಜೋಗದ ಫೋಟೋ ತರುತ್ತಾರೆ. ಅದರಲ್ಲಿ ನೀರು ಬರೀ ಬಿಳಿ ಪಟ್ಟಿ, ಒಳಗಿನ ಬೂದು ಪೂರ್ತಿ ಮಾಯ. ಜೊತೆಗೆ ಕಂಬಿ, ಸೆಲ್ಫಿ ತೆಗೆಯುವವರು. ಅದನ್ನೆಲ್ಲ ಬಿಟ್ಟುಬಿಡಿ. 1826ರಲ್ಲಿ ಅಮೆರಿಕದ ಚಿತ್ರಕಾರ ಥಾಮಸ್ ಕೋಲ್ ಕೂಡ ನ್ಯೂಯಾರ್ಕ್ ರಾಜ್ಯದ ಕಾಟರ್‌ಸ್ಕಿಲ್ ಜಲಪಾತ ಬರೆಯುವಾಗ ಅಲ್ಲಿ ಪ್ರವಾಸಿಗರಿಗೆ ಕಟ್ಟಿದ್ದನ್ನೆಲ್ಲ ಬಿಟ್ಟು, ಒಬ್ಬನೇ ಒಬ್ಬ ಮೂಲನಿವಾಸಿಯನ್ನು ನಿಲ್ಲಿಸಿದ. ನೀವೂ ಒಬ್ಬನನ್ನು ನಿಲ್ಲಿಸಿ. ಆದರೆ ಲೆಕ್ಕ ಹಾಕಿ. ಜೋಗದ ಎತ್ತರ 253 ಮೀಟರ್. ಕ್ಯಾನ್ವಾಸಿನಲ್ಲಿ ಧಾರೆ 60 ಸೆಂಟಿಮೀಟರ್ ಇದ್ದರೆ ಬುಡದಲ್ಲಿ ನಿಂತ ಆಳು ನಾಲ್ಕೇ ಮಿಲಿಮೀಟರ್, ಒಂದು ಜೀರಿಗೆಯಷ್ಟು. ಕಣ್ಣು, ಮೂಗು ಬರೆಯಲು ಹೋಗಬೇಡಿ. ಕೆಂಪು ಬಣ್ಣದ ಒಂದು ಚುಕ್ಕೆ ಇಟ್ಟು ಬ್ರಷ್ ತೊಳೆದಿಡಿ.