ಭಾನುವಾರ ಚರ್ಚಿಗೆ ಹೋಗ್ತೀವಲ್ಲ, ಮತ್ತೆ ಮನೆ ಗುಂಪು ಯಾಕೆ?

ಪ್ರಶ್ನೆ: ಪ್ರತಿ ಭಾನುವಾರ ಆರಾಧನೆಗೆ ತಪ್ಪದೆ ಹೋಗುತ್ತೇವೆ. ಈಗ ಓಣಿಯ ಮನೆ ಗುಂಪಿಗೂ (ಒಬ್ಬೊಬ್ಬರ ಮನೆಯಲ್ಲಿ ಹತ್ತಾರು ಜನ ಸೇರಿ ಪ್ರಾರ್ಥನೆ ಮಾಡುವ ಕೂಟ) ಬನ್ನಿ ಅಂತ ಪಾಸ್ಟರ್ ಹೇಳ್ತಿದ್ದಾರೆ. ಹೋಗಲೇಬೇಕಾ? ಇಂಥ ಗುಂಪುಗಳಿಂದಲೇ ಅಲ್ವಾ ಸಭೆ ಒಡೆಯೋದು?

ಉತ್ತರ: ಈ ಸಲ ಇದು ಬೀದರ್‌ನಿಂದ ಬಂದಿದೆ. ಹಿಂದೆ ಹುಮನಾಬಾದ್‌ನಿಂದ ಬಂದಿತ್ತು, ಶಹಾಪುರದಿಂದಲೂ ಬಂದಿತ್ತು. ಊರು ಬದಲಾಗುತ್ತೆ, ಪ್ರಶ್ನೆ ಮಾತ್ರ ಅದೇ. ಇರಲಿ, ಇನ್ನೊಮ್ಮೆ ಹೇಳುತ್ತೇನೆ.

ಹೋಗಲೇಬೇಕು ಅಂತ ಯಾರೂ ಹಾಜರಿ ಹಾಕುವುದಿಲ್ಲ. ಆದರೆ ಹೋಗಿ. ಭಾನುವಾರ ನಾವು ಮಾಡುವುದೇನು? ಹಾಡುತ್ತೇವೆ, ಪ್ರಸಂಗ ಕೇಳುತ್ತೇವೆ, ಕಾಣಿಕೆ ಹಾಕುತ್ತೇವೆ, ಬಾಗಿಲಲ್ಲಿ ಕೈ ಕುಲುಕಿ ಗಾಡಿ ಹತ್ತುತ್ತೇವೆ. ಮೂಲೆಯ ಬೆಂಚಿನ ಅವ್ವ ಮೂರು ಭಾನುವಾರದಿಂದ ಬಂದಿಲ್ಲ ಅನ್ನೋದು ಯಾರ ಗಮನಕ್ಕೆ ಬಂತು? ಹತ್ತು ಜನರ ಗುಂಪಿನಲ್ಲಿ ಮೊದಲ ಸಂಜೆಯೇ ಗೊತ್ತಾಗುತ್ತೆ. ಯಾರೋ ಹೋಗಿ ಬಾಗಿಲು ತಟ್ಟುತ್ತಾರೆ. ಅವ್ವ ಬ್ರಿಮ್ಸ್ ಆಸ್ಪತ್ರೆಯಲ್ಲಿ ಅಡ್ಮಿಟ್, ಮಗ ಪುಣೆಯಲ್ಲಿ, ಅವನಿಗೆ ರಜೆ ಸಿಕ್ಕಿಲ್ಲ. ಒಬ್ಬರು ರೊಟ್ಟಿ ಕಟ್ಟಿಕೊಂಡು ಹೋಗುತ್ತಾರೆ, ಇನ್ನೊಬ್ಬರು ರಾತ್ರಿ ಬೆಡ್ ಪಕ್ಕ ಕೂರುತ್ತಾರೆ. ಇದನ್ನೆಲ್ಲ ಪಾಸ್ಟರ್ ಒಬ್ಬರೇ ಮಾಡಬೇಕು ಅಂದರೆ ಹೇಗೆ? ಅವರಿಗೆ ಸುತ್ತಲಿನ ಹಳ್ಳಿಗಳ ಸಭೆಗಳೂ ಇರುತ್ತವೆ. ಯೆರೂಸಲೇಮಿನ ಮೊದಲ ಸಭೆಯಲ್ಲೇ ಜನ ಹೆಚ್ಚಾದಾಗ ಕೆಲವು ವಿಧವೆಯರಿಗೆ ದಿನದ ಊಟ ತಪ್ಪಿಹೋಗುತ್ತಿತ್ತು. ಬೈಬಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ನೋಡಿ. ಅಲ್ಲಿದ್ದವರು ಯೇಸುವಿನ ಅಪೊಸ್ತಲರೇ, ಆದರೂ ತಪ್ಪಿತು.

ಇನ್ನು ಆ ಹಳೇ ಮಾತು: ‘ಗುಂಪು ಮಾಡಿದರೆ ಸಭೆ ಒಡೆಯುತ್ತೆ.’ ಇದನ್ನು ಹೇಳುವವರಲ್ಲಿ ಹೆಚ್ಚಿನವರು ಮೆಥೋಡಿಸ್ಟ್ ಸಭೆಯವರು ಅನ್ನೋದೇ ನನಗೆ ಸೋಜಿಗ. ಬೀದರ್ ಸೀಮೆಯಲ್ಲಿ ಅವರೇ ಜಾಸ್ತಿ, ಸರಿ. ಆದರೆ ಅವರ ಸಭೆ ಬೆಳೆದದ್ದೇ ಚಿಕ್ಕ ಗುಂಪುಗಳಿಂದ!

ಕಥೆ ಇಂಗ್ಲೆಂಡಿನ ಬ್ರಿಸ್ಟಲ್‌ನದು, 1742ರದು. ಮೆಥೋಡಿಸ್ಟ್ ಚಳವಳಿ ಶುರುಮಾಡಿದ ಪಾದ್ರಿ ಜಾನ್ ವೆಸ್ಲಿಯವರ ಜನ ಕಟ್ಟಿಸಿದ ಪ್ರಾರ್ಥನಾ ಮಂದಿರದ ಮೇಲೆ ಸಾಲ ಇತ್ತು. ತಲಾ ವಾರಕ್ಕೊಂದು ಪೆನ್ನಿ (ಅಲ್ಲಿನ ಚಿಲ್ಲರೆ ನಾಣ್ಯ) ಕೊಡೋಣ ಅಂತ ಒಬ್ಬ ಕ್ಯಾಪ್ಟನ್ ಸೂಚಿಸಿದ. ಅಷ್ಟೂ ಕೊಡಲಾಗದ ಬಡವರು ಇದ್ದಾರಲ್ಲ ಅಂತ ಮಾತು ಬಂತು. ‘ತೀರಾ ಬಡವರಾದ ಹನ್ನೊಂದು ಜನರನ್ನು ನನ್ನ ಪಾಲಿಗೆ ಹಾಕಿ. ವಾರವಾರ ಅವರ ಮನೆಗೆ ಹೋಗುತ್ತೇನೆ. ಅವರಿಂದ ಆಗದಿದ್ದರೆ ಅವರದನ್ನೂ ನಾನೇ ಕೊಡುತ್ತೇನೆ’ ಅಂದ ಆತ. ಹೀಗೆ ಸುಮಾರು ಹನ್ನೆರಡು ಜನರಿಗೊಬ್ಬ ಮುಖಂಡ ಅಂತಾಯಿತು. ದುಡ್ಡು ವಸೂಲಿಗೆ ಮನೆಗೆ ಹೋದವರಿಗೆ ಆ ಮನೆಗಳ ಸಂಗತಿಗಳು ಕಣ್ಣಿಗೆ ಬಿದ್ದವು. ತಾನು ಹುಡುಕುತ್ತಿದ್ದದ್ದು ಇದನ್ನೇ ಅಂತ ವೆಸ್ಲಿಗೆ ಅನಿಸಿತು. ಹೀಗೆ ಹುಟ್ಟಿದ ಚಿಕ್ಕ ಗುಂಪಿನ ಕೂಟವೇ ‘ಕ್ಲಾಸ್ ಮೀಟಿಂಗ್’.

ಇದೇ ವೆಸ್ಲಿ, ತನ್ನವರು ಆರಾಧನೆಗೂ ಪ್ರಭುಭೋಜನಕ್ಕೂ ಊರ ಚರ್ಚಿಗೇ ಹೋಗಬೇಕು ಅಂತ ಹಟ ಹಿಡಿದಿದ್ದವರು. 1791ರಲ್ಲಿ ತೀರಿಕೊಳ್ಳುವವರೆಗೂ ಇಂಗ್ಲೆಂಡ್ ಚರ್ಚಿನ ಪಾದ್ರಿಯಾಗೇ ಇದ್ದರು.

‘ಕೊನೆಗೆ ಮೆಥೋಡಿಸ್ಟರು ಇಂಗ್ಲೆಂಡ್ ಚರ್ಚಿನಿಂದ ಬೇರೆ ಆದರಲ್ರಿ?’ ಅಂತ ಕೇಳ್ತೀರಿ, ಗೊತ್ತು. ಆದರು. ಆದರೆ ಯಾವುದಕ್ಕೆ? ಸ್ವಾತಂತ್ರ್ಯ ಯುದ್ಧವಾದ ಮೇಲೆ ಅಮೆರಿಕದಲ್ಲಿ ದೀಕ್ಷಾಸ್ನಾನ, ಪ್ರಭುಭೋಜನ ಕೊಡಲು ಪಾದ್ರಿಗಳೇ ಸಾಲುತ್ತಿರಲಿಲ್ಲ. 1784ರಲ್ಲಿ ವೆಸ್ಲಿ ತಾವೇ ಕೆಲವರಿಗೆ ಪಾದ್ರಿ ದೀಕ್ಷೆ ಕೊಟ್ಟು ಕಳಿಸಿದರು. ಆ ಅಧಿಕಾರ ಯಾರದು ಅನ್ನೋದೇ ದೊಡ್ಡ ಗಂಟಾಯಿತು. ಹನ್ನೆರಡು ಜನ ಒಂದು ಕೋಣೆಯಲ್ಲಿ ಕೂತು ಕಷ್ಟಸುಖ ಹೇಳಿಕೊಂಡದ್ದಕ್ಕೆ ಯಾರೂ ಬೇರೆಯಾಗಲಿಲ್ಲ.

ಪೌಲನ ಪತ್ರಗಳನ್ನೂ ತೆಗೆದು ನೋಡಿ. ಪ್ರಿಸ್ಕ-ಅಕ್ವಿಲರ ಮನೆಯಲ್ಲಿ ಸೇರುವ ಸಭೆಗೆ ವಂದನೆ ಹೇಳುತ್ತಾನೆ, ಫಿಲೆಮೋನನ ಮನೆಯ ಸಭೆಗೂ ಹೇಳುತ್ತಾನೆ. ಗೋಪುರ, ಗಂಟೆ ಎಲ್ಲ ಆಮೇಲೆ ಬಂದದ್ದು.

ಗುಂಪಿನಿಂದ ಜಗಳವೇ ಆಗಲ್ಲ ಅಂತಲ್ಲ. ಭಾನುವಾರ ಆರಾಧನೆಯ ಹೊತ್ತಿಗೇ ಕೂಟ ಇಟ್ಟರೆ, ಕಾಣಿಕೆಯನ್ನು ಲೆಕ್ಕವಿಲ್ಲದೆ ಒಬ್ಬರೇ ಇಟ್ಟುಕೊಂಡರೆ, ಪಾಸ್ಟರಿಗೆ ಹೇಳಬೇಡಿ ಅಂದರೆ, ಅಲ್ಲಿಂದ ಎದ್ದು ಬನ್ನಿ. ಹಾಗೇ, ಪ್ರಾರ್ಥನೆಗೆಂದು ಹೇಳಿದ ಮನೆಯ ಕಷ್ಟ ಮರುದಿನ ಕಿರಾಣಿ ಅಂಗಡಿಯಲ್ಲಿ ಕೇಳಿಬಂದರೂ ಅದು ಒಳ್ಳೆಯ ಗುಂಪಲ್ಲ. ಆದರೆ ಸಭೆ ಒಡೆಯುವವರಿಗೆ ಮನೆ ಗುಂಪೇ ಬೇಕಿಲ್ಲ. ಕಮಿಟಿ ಚುನಾವಣೆ ಸಾಕು.

ಯಾರೂ ಕೇಳದ ಒಂದು ಮಾತು ಹೇಳಿಬಿಡುತ್ತೇನೆ: ತಿಂಡಿ. ನನ್ನ ಪ್ರಕಾರ ಗುಂಪುಗಳು ಸುಮ್ನೆ ನಿಂತುಹೋಗುವುದು ಇದರಿಂದಲೇ. ಮೊದಲ ವಾರ ಒಬ್ಬರು ಚಹಾ ಕೊಡುತ್ತಾರೆ. ಮುಂದಿನ ಮನೆಯವರು ಬಿಸ್ಕೆಟ್ ಸೇರಿಸುತ್ತಾರೆ. ಮೂರನೆಯವರು ಸುಸಲಾ, ಮಿರ್ಚಿ ಭಜಿ ಮಾಡುತ್ತಾರೆ. ನಾಲ್ಕನೇ ಮನೆ ಕೂಲಿ ಮಾಡುವ ಅಕ್ಕನದು. ‘ಈ ವಾರ ನಮ್ಮನೇಲಿ ಬೇಡ್ರಿ, ಬೀಗರು ಬರ್ತಾರ’ ಅಂತಾರೆ. ಬೀಗರೂ ಇಲ್ಲ, ಯಾರೂ ಇಲ್ಲ. ಆಮೇಲೆ ಆ ಅಕ್ಕ ಕೂಟಕ್ಕೇ ಬರುವುದು ಬಿಡುತ್ತಾರೆ.

ಅದಕ್ಕೇ ಮೊದಲ ಸಂಜೆಯೇ ಮಾತಾಡಿಕೊಳ್ಳಿ: ಯಾರ ಮನೆಯಾದರೂ ಚಹಾ ಮಾತ್ರ. ಏಪ್ರಿಲ್-ಮೇ ಬಿಸಿಲಲ್ಲಿ ಅದೂ ಬೇಡ, ಮಾಳಿಗೆ ಮೇಲೆ ಚಾಪೆ ಹಾಸಿ, ಒಂದು ಬಿಂದಿಗೆ ತಣ್ಣೀರು ಇಡಿ. ಭಜಿ ತಿನ್ನಲೇಬೇಕು ಅನಿಸಿದರೆ ಕೂಟ ಮುಗಿದ ಮೇಲೆ ಬಂಡಿ ಹತ್ತಿರ ಹೋಗಿ, ಅವರವರ ದುಡ್ಡಲ್ಲಿ.