ಬೇಕಾದ ಸುದ್ದಿಗೆ ಸಾಕ್ಷಿ ಯಾರು ಕೇಳುತ್ತಾರೆ?

ಸುದ್ದಿಮನೆಯ ಡೆಸ್ಕ್‌ನಲ್ಲಿ ಬಹಳ ವರ್ಷ ಕೂತವನು ನಾನು. ಯುದ್ಧ ಶುರುವಾದರೆ ಅಲ್ಲಿ ಒಂದು ತಮಾಷೆ ನಡೆಯುತ್ತದೆ. ‘ನಿಮ್ಮ ಹಡಗು ಮುಳುಗಿಸಿದೆವು’ ಅಂತ ಎದುರಾಳಿ ಹೇಳಿದರೆ ನಾವೆಲ್ಲ ದೊಡ್ಡ ಪತ್ತೇದಾರರು. ಹೇಳಿದ್ದು ಯಾರು, ಫೋಟೊ ಎಲ್ಲಿ, ಯಾವಾಗಿನದು? ಅದೇ ಮಾತು ನಮ್ಮ ಕಡೆಯಿಂದ ಬಂದರೆ ‘ಮೂಲಗಳ ಪ್ರಕಾರ’ ಅಂತ ಸೇರಿಸಿ ಸೀದಾ ಬ್ರೇಕಿಂಗ್‌ಗೆ ಬಿಡುತ್ತೇವೆ.

ಪಕ್ಷಪಾತ ಅಂದ ಕೂಡಲೇ ಜನರಿಗೆ ಮಾಲೀಕರು, ಜಾಹೀರಾತು, ಸರ್ಕಾರದ ಒತ್ತಡ ನೆನಪಾಗುತ್ತದೆ. ಅದೂ ಇದೆ, ಇಲ್ಲ ಅನ್ನಲ್ಲ. ಆದರೆ ನಾನು ಜಾಸ್ತಿ ಕಂಡಿದ್ದು ಈ ಎರಡು ಅಳತೆಗೋಲನ್ನೇ.

ಇರಾಕ್ ಕುವೈತನ್ನು ಆಕ್ರಮಿಸಿಕೊಂಡಿದ್ದ ಹೊತ್ತು, 1990ರ ಅಕ್ಟೋಬರ್‌ನಲ್ಲಿ 15 ವರ್ಷದ ಕುವೈತ್ ಹುಡುಗಿಯೊಬ್ಬಳು ಅಮೆರಿಕದ ಸಂಸದರ ಮುಂದೆ ಅತ್ತಳು. ಇರಾಕಿ ಸೈನಿಕರು ಆಸ್ಪತ್ರೆಗೆ ನುಗ್ಗಿ, ಇನ್‌ಕ್ಯುಬೇಟರ್‌ನಿಂದ ಹಸುಗೂಸುಗಳನ್ನು ತೆಗೆದು ನೆಲದ ಮೇಲೆ ಸಾಯಲು ಬಿಟ್ಟರು ಅಂದಳು. ಟಿವಿಗಳು ತೋರಿಸಿದವು. ಅಧ್ಯಕ್ಷ ಜಾರ್ಜ್ ಬುಷ್ ಆ ಕತೆಯನ್ನು ಮತ್ತೆ ಮತ್ತೆ ಹೇಳಿದರು. ಈ ಹುಡುಗಿ ಯಾರು ಅಂತ ವಿಚಾರಿಸಲು ಒಂದು ಫೋನ್ ಸಾಕಿತ್ತು, ಅಲ್ವಾ? ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು ಅಂತ ಬಯಲಾಗಿದ್ದು 1992ರ ಜನವರಿಯಲ್ಲಿ. ಸಾಕ್ಷ್ಯದ ಹಿಂದೆ ಹಿಲ್ ಅಂಡ್ ನೋಲ್ಟನ್ ಎಂಬ ಪ್ರಚಾರ ಸಂಸ್ಥೆಯ ಕೈ ಇತ್ತು. ಅಷ್ಟರಲ್ಲಿ ಇರಾಕ್ ವಿರುದ್ಧದ ಅಮೆರಿಕದ ಯುದ್ಧ ಮುಗಿದು ವರ್ಷ ಆಗುತ್ತಾ ಬಂದಿತ್ತು.

ತಿದ್ದುಪಡಿಯ ಹಣೆಬರಹವೇ ಇಷ್ಟು. 2003ರಲ್ಲಿ ನಡೆದ ಇನ್ನೊಂದು ಇರಾಕ್ ಯುದ್ಧದ ಹೊತ್ತಿಗೆ, ಇರಾಕ್‌ನ ಸಮೂಹನಾಶಕ ಅಸ್ತ್ರಗಳ ಬಗ್ಗೆ ‘ನ್ಯೂಯಾರ್ಕ್ ಟೈಮ್ಸ್’ ಮುಖಪುಟದಲ್ಲೇ ಬರೆದಿತ್ತು. ಆ ವರದಿಗಳಲ್ಲಿ ಸಾಕಷ್ಟು ಬಿಗಿ ಇರಲಿಲ್ಲ ಅಂತ ಒಪ್ಪಿಕೊಂಡಿದ್ದು 2004ರ ಮೇ 26ರಂದು, ಒಳಗಿನ 10ನೇ ಪುಟದಲ್ಲಿ.

2025ರ ಮೇ ತಿಂಗಳಲ್ಲಿ ನಮ್ಮ ಹಲವು ಚಾನೆಲ್‌ಗಳು ಒಂದೇ ರಾತ್ರಿಯಲ್ಲಿ ಕರಾಚಿ ಬಂದರನ್ನು ಸುಟ್ಟು ಹಾಕಿದವು. ಬೆಳಿಗ್ಗೆ ನೋಡಿದರೆ ಬಂದರು ಇದ್ದ ಹಾಗೇ ಇತ್ತು. ಅದಾದರೂ ನಗೆಪಾಟಲಿಗೆ ಮುಗಿಯಿತು. ಗಡಿಯಲ್ಲಿ ಶೆಲ್ ಬಿದ್ದು ಸತ್ತ ಶಿಕ್ಷಕರೊಬ್ಬರನ್ನು ಕೆಲವರು ಉಗ್ರ ಅಂತ ತೋರಿಸಿದರಲ್ಲ, ಅದಕ್ಕೆ ಏನನ್ನೋಣ? ಸಾವಿನ ದುಃಖದಲ್ಲಿರುವಾಗಲೇ ಆ ಮನೆಯವರು ಇದನ್ನೂ ನೋಡಬೇಕಾಯಿತು.

ವಿಡಿಯೊಗಳದ್ದು ಬೇರೆಯೇ ಗೋಳು. ‘ಆರ್ಮಾ 3’ ಗೇಮ್‌ನ ದೃಶ್ಯಗಳು ನಿಜವಾದ ಯುದ್ಧದ್ದು ಅಂತ ಎಷ್ಟು ಓಡಿದವೆಂದರೆ, ಅವನ್ನು ಗುರುತಿಸೋದು ಹೇಗೆ ಅಂತ 2022ರಲ್ಲಿ ಗೇಮ್ ಕಂಪನಿಯೇ ಹೇಳಿಕೊಡಬೇಕಾಯಿತು.

ನಾನು ಒಂದು ಸಣ್ಣ ಉಪಾಯ ಮಾಡುತ್ತೇನೆ. ಬರೆದು ಬಂದ ಸುದ್ದಿಯಲ್ಲಿ ಎರಡು ದೇಶಗಳ ಹೆಸರನ್ನು ಅದಲುಬದಲು ಮಾಡಿ ಓದುತ್ತೇನೆ. ಆಗ ಅನುಮಾನ ಬಂದರೆ ಸುದ್ದಿ ನಿಲ್ಲುತ್ತದೆ. ಒಂದು ರಾತ್ರಿ ಹೀಗೇ ಒಂದನ್ನು ತಡೆದೆ. ‘ಸಾರ್, ಎಲ್ಲರೂ ಹಾಕಿದ್ದಾರೆ’ ಅಂತ ಹುಡುಗರು ಗೊಣಗಿದರು. ಬೆಳಿಗ್ಗೆ ಅದು ಸುಳ್ಳು ಅಂತ ಗೊತ್ತಾಯಿತು. ವೀಕ್ಷಕರ ಲೆಕ್ಕ ಬಂದಾಗ ಮಾತ್ರ ಆ ರಾತ್ರಿ ನಾವೇ ಕೊನೆ.